ಅಕ್ವೇರಿಯಂ ಕೊರಡಿನ ಮೇಲೆ ಗಿಡ ಬೆಳೆಸೋದು: ಮಲೆನಾಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಎರಡಡಿ ಉದ್ದದ ಒಂದು ಟ್ಯಾಂಕ್ ಇದೆ. ಮೀನು ಕಮ್ಮಿ, ಗಿಡ ಜಾಸ್ತಿ. ಗಿಡಗಳೆಲ್ಲ ಒಂದು ಹಳೇ ಕೊರಡಿನ ಮೇಲೆ ಕೂತಿವೆ. ಮನೆಗೆ ಬಂದವರು ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತರೆ ಸಾಕು, ಪ್ರಶ್ನೆ ಶುರು. ಆಮೇಲೆ ಅದೇ ಪ್ರಶ್ನೆಗಳು ಫೋನಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ಶಿವಮೊಗ್ಗ ಬಸ್ಸಿನಲ್ಲಿ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆನೋವಿನದ್ದು ಕೊನೆಗೆ.

## ಶುರು ಮಾಡುವವರಿಗೆ

ಮಣ್ಣೇ ಇಲ್ಲದೆ ಮರದ ತುಂಡಿನ ಮೇಲೆ ಗಿಡ ಹೇಗೆ ಬದುಕುತ್ತೆ?

ಪತ್ರೊಡೆಗೆ ಮರಗೆಸು ಹುಡುಕಿಕೊಂಡು ಹೋಗಿದ್ದೀರಲ್ವಾ? ಮಳೆ ಹಿಡಿದ ಮೇಲೆ ಹಳೇ ಮರದ ಕವಲಿನಲ್ಲಿ ಅದು ಎಲೆ ಬಿಟ್ಟಿರುತ್ತದೆ. ಅಲ್ಲಿ ಮಣ್ಣು ಎಲ್ಲಿದೆ? ಸೀತಾಳೆ ದಂಡೆಯೂ ಹಾಗೇ. ಇವುಗಳ ಬೇರು ಮರವನ್ನು ಹಿಡಿದುಕೊಳ್ಳುತ್ತದೆ. ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ.

ಅಕ್ವೇರಿಯಂನ ಅನುಬಿಯಾಸ್ ಮತ್ತು ಬ್ಯೂಸೆಫಲಾಂಡ್ರಾ ನಮ್ಮ ಕೆಸುವಿನ ಕುಟುಂಬದವೇ. ಅನುಬಿಯಾಸ್ ಆಫ್ರಿಕಾದ್ದು, ಬ್ಯೂಸೆಫಲಾಂಡ್ರಾ ಬೋರ್ನಿಯೋ ದ್ವೀಪದ್ದು. ಎರಡೂ ತಮ್ಮ ಊರಿನಲ್ಲಿ ಹೊಳೆಬದಿಯ ಕಲ್ಲು, ಬೇರುಗಳ ಮೇಲೆ ಬೆಳೆಯುತ್ತವೆ. ನೆರೆ ಬಂದಾಗ ನೀರಿನೊಳಗೆ, ನೀರು ಇಳಿದಾಗ ಹೊರಗೆ. ನೀರಿನಲ್ಲಿ ಕರಗಿರುವ ಸತ್ವವೇ ಅವುಗಳ ಊಟ. ಇದೊಂದು ಮನಸ್ಸಿನಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ನಿಮಗೇ ಹೊಳೆಯುತ್ತದೆ.

ಪಾಚಿ ತೆಗೆಯೋಕೆ ನಾವು ಒದ್ದಾಡ್ತೀವಿ, ನೀವು ದುಡ್ಡು ಕೊಟ್ಟು ತಂದು ಕಟ್ತೀರಲ್ಲ?

ನಮ್ಮತ್ತೆ ಈಗಲೂ ಕೇಳುತ್ತಾರೆ. ತಪ್ಪು ಅವರದ್ದಲ್ಲ, ಪದದ್ದು. ಬಾವಿಕಟ್ಟೆಯಲ್ಲಿ ಕಾಲು ಜಾರಿಸುವ ಹಸಿರು ಲೋಳೆಗೂ ಪಾಚಿ ಅನ್ನುತ್ತೇವೆ, ಮಳೆಗಾಲದಲ್ಲಿ ಹೆಂಚು, ಪಾಗಾರದ ಮೇಲೆ ವೆಲ್ವೆಟ್ಟಿನ ಹಾಗೆ ಹಬ್ಬುವುದಕ್ಕೂ ಪಾಚಿ ಅನ್ನುತ್ತೇವೆ. ಮೊದಲನೆಯದು ಆಲ್ಗೆ. ಅದಕ್ಕೆ ಎಲೆ, ಕಾಂಡ ಇಲ್ಲ. ಎರಡನೆಯದು ಮಾಸ್. ಒಂದು ಎಸಳು ಕಿತ್ತು ಬೆಳಕಿಗೆ ಹಿಡಿದರೆ ಪುಟ್ಟ ಕಾಂಡ, ಸಾಲಾಗಿ ಎಲೆ ಕಾಣುತ್ತವೆ. ನಾವು ಕಟ್ಟುವುದು ಮಾಸ್. ಈ ಪುಟದಲ್ಲಿ ಪಾಚಿ ಅಂದರೆ ಬೇಡದ್ದು, ಮಾಸ್ ಅಂದರೆ ಬೇಕಾದ್ದು.

ಹಾಗಂತ ಪಾಗಾರದ ಮಾಸ್ ಕೆರೆದು ತಂದು ಮುಳುಗಿಸಬೇಡಿ. ಅದು ನೆಲದ್ದು, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕಂದಾಗಿ ಕೊಳೆಯುತ್ತದೆ.

ಮೊದಲ ಸಲ ಯಾವ ಗಿಡ ತರಲಿ?

ಅನುಬಿಯಾಸ್ ನಾನಾ ಒಂದು, ಜಾವಾ ಫರ್ನ್ ಒಂದು, ಒಂದು ಹಿಡಿ ಜಾವಾ ಮಾಸ್. ಅಷ್ಟೇ.

ಅನುಬಿಯಾಸ್ ದಪ್ಪ ಎಲೆಯ ಗಟ್ಟಿ ಗಿಡ. ತಿಂಗಳಿಗೆ ಒಂದು ಎಲೆ ಬಿಟ್ಟರೆ ಖುಷಿಪಡಿ. ಜಾವಾ ಫರ್ನ್ ಆಗ್ನೇಯ ಏಷ್ಯಾದ ಜರಿಗಿಡ, ಸ್ವಲ್ಪ ಚುರುಕು. ಜಾವಾ ಮಾಸ್ ಮಾತ್ರ ಎಲ್ಲಿ ಬೇಕಾದರೂ, ಹೇಗೆ ಬೇಕಾದರೂ ಬೆಳೆಯುತ್ತದೆ. ಕ್ರಿಸ್ಮಸ್ ಮಾಸ್, ಫಿಸಿಡೆನ್ಸ್ ಅನ್ನುವ ಮಾಸ್ ನೋಡಲು ಇನ್ನೂ ಚಂದ, ಆದರೆ ಎರಡನೇ ವರ್ಷಕ್ಕಿರಲಿ.

ಕಿಟಕಿ ಬೆಳಕು ಸಾಕಾಗಲ್ವಾ? ಲೈಟ್ ಬೇಕೇ ಬೇಕಾ?

ಕಿಟಕಿ ಬೆಳಕಿನ ಕಷ್ಟ ಏನೆಂದರೆ ಅದು ನಮ್ಮ ಕೈಯಲ್ಲಿಲ್ಲ. ಏಪ್ರಿಲ್‌ನಲ್ಲಿ ಬಿಸಿಲು ಟ್ಯಾಂಕಿಗೆ ನೇರ ಬಿದ್ದು ಗಾಜೆಲ್ಲ ಹಸಿರು. ಜುಲೈನಲ್ಲಿ ಮಧ್ಯಾಹ್ನವೇ ಕತ್ತಲೆ. ಸಾಧಾರಣ ಬಿಳಿ ಎಲ್‌ಇಡಿ ಲೈಟ್ ಒಂದು, ಒಂದು ಟೈಮರ್, ದಿನಕ್ಕೆ 6ರಿಂದ 8 ಗಂಟೆ. ಇವು ಮರದ ನೆರಳಿನ ಗಿಡಗಳು, ಜಾಸ್ತಿ ಬೆಳಕು ಕೊಟ್ಟರೆ ಬೆಳೆಯುವುದು ಪಾಚಿ.

## ಕೊರಡಿನ ವಿಚಾರ

ನೆರೆಯಲ್ಲಿ ತೇಲಿ ಬಂದ ಕೊರಡು ತಂದು ಹಾಕಬಹುದಾ?

ಅಂಗಡಿಯಲ್ಲಿ ಡ್ರಿಫ್ಟ್‌ವುಡ್ ಅಂತ ಸಾವಿರಾರು ರೂಪಾಯಿಗೆ ಮಾರುವುದನ್ನು ತುಂಗೆ ಪ್ರತಿ ಆಗಸ್ಟ್‌ನಲ್ಲಿ ತೋಟದ ಅಂಚಿಗೆ ತಂದು ಬಿಸಾಕುತ್ತಾಳೆ. ಆಸೆ ಆಗುವುದು ಸಹಜ. ಎರಡು ಮಾತು ನೆನಪಿಡಿ.

ಮೊದಲನೆಯದು ಕಾನೂನು. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ, ಕುದುರೆಮುಖದಂಥ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳ ಒಳಗಿನಿಂದ ಬಿದ್ದ ಕಟ್ಟಿಗೆಯನ್ನೂ ಅನುಮತಿ ಇಲ್ಲದೆ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ನಿಮ್ಮದೇ ಜಾಗದಲ್ಲಿ ಬಿದ್ದದ್ದು ನೋಡಿಕೊಳ್ಳಿ.

ಎರಡನೆಯದು ಮರದ ಸ್ಥಿತಿ. ಹಸಿ ಮರ ಬೇಡ. ತೊಗಟೆ ಪೂರ್ತಿ ಉದುರಿ, ಒಳಗಿನ ಚೇಗು ಮಾತ್ರ ಉಳಿದಿರಬೇಕು. ಉಗುರಿನಿಂದ ಒತ್ತಿ. ಗುರುತು ಬಿದ್ದರೆ ಅದು ಒಲೆಗೆ. ಕತ್ತಿಯ ಹಿಂಬದಿಯಿಂದ ತಟ್ಟಿದಾಗ ಠಣ್ ಅಂದರೆ ಟ್ಯಾಂಕಿಗೆ.

ತೋಟದ ಮರ ಯಾವುದಾದ್ರೂ ಆಗುತ್ತಾ? ಅಡಿಕೆ, ಕಾಫಿ, ಸಿಲ್ವರ್ ಓಕ್?

ಕಾಫಿ ಗಿಡದ ಹಳೇ ಬೊಡ್ಡೆ ತೊಗಟೆ ತೆಗೆದು ಚೆನ್ನಾಗಿ ಒಣಗಿದ್ದರೆ ಆಗುತ್ತದೆ. ಗಂಟುಗಂಟಾಗಿ ತಿರುಚಿಕೊಂಡಿರುವುದರಿಂದ ಗಿಡ ಕೂರಿಸಲು ಜಾಗ ಬೇಕಾದಷ್ಟು. ಒಂದು ಮಾತು: ತೋಟಕ್ಕೆ ಹೊಡೆದ ಔಷಧಿ ಬೊಡ್ಡೆಯಲ್ಲಿ ಉಳಿದಿರಬಹುದು. ಬುಡ ಕಿತ್ತು ಮಳೆ, ಬಿಸಿಲಿನಲ್ಲಿ ಎರಡು ವರ್ಷ ಬಿದ್ದಿದ್ದೇ ಒಳ್ಳೆಯದು. ಪೇರಲೆ ಕೊಂಬೆಯೂ ಆಗುತ್ತದೆ. ಸಿಲ್ವರ್ ಮೆದು, ಬೇಗ ಹಾಳು. ಅಡಿಕೆ ದಬ್ಬೆ ನಾರುನಾರಾಗಿ ಬಿಚ್ಚಿಕೊಂಡು ನೀರು ಕೆಡಿಸುತ್ತದೆ.

ಹಾಲು ಒಸರುವ ಮರ, ಮೈ ಸುಡುವ ಚೇರು, ವಿಷದ ಕಾಸರಕ, ಇವುಗಳ ತಂಟೆಗೇ ಹೋಗಬೇಡಿ. ಯಾವ ಮರ ಅಂತ ಗುರುತು ಸಿಗದಿದ್ದರೂ ಬೇಡ. ಏನೂ ಸಿಗಲಿಲ್ಲವಾ? ತೆಂಗಿನ ಕರಟ ಕುದಿಸಿ ಕವುಚಿ ಹಾಕಿ, ಅದರ ಮೇಲೆ ಮಾಸ್ ಕಟ್ಟಿ. ಸೀಗಡಿಗಳಿಗೆ ಮನೆಯೂ ಆಯಿತು.

ನೀರು ಕಷಾಯದ ಬಣ್ಣ ಆಗಿದೆ. ಮೀನಿಗೆ ಏನಾದ್ರೂ ಆಗುತ್ತಾ?

ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಚೊಗರು ಗೊತ್ತಲ್ಲ, ಅದರದ್ದೇ ಚಿಕ್ಕ ತಮ್ಮ ಇದು. ಮರದಲ್ಲಿರುವ ಟ್ಯಾನಿನ್ ನೀರಿಗೆ ಬಿಡುತ್ತದೆ. ತೆಳು ಚಹಾದ ಬಣ್ಣದಿಂದ ಮೀನಿಗೆ ತೊಂದರೆ ಇಲ್ಲ. ಕಾಡಿನ ಹಳ್ಳದ ಮೀನುಗಳಿಗೆ ಅದು ಮನೆಯ ನೀರಿನ ಹಾಗೇ. ನೋಡುವವರಿಗೆ ಮಾತ್ರ ಕೊಳಕು ಅನ್ನಿಸುತ್ತದೆ.

ಬೇಡ ಅನ್ನುವವರು ಟ್ಯಾಂಕಿಗೆ ಹಾಕುವ ಮೊದಲು ಮರವನ್ನು ಒಂದೆರಡು ಗಂಟೆ ಕುದಿಸಿ, ಆಮೇಲೆ ಎರಡು ಮೂರು ವಾರ ನೆನೆಹಾಕಿ, ನೀರು ಬದಲಿಸುತ್ತಾ ಇರಿ. ಪೂರ್ತಿ ನಿಲ್ಲುವುದಿಲ್ಲ, ಕಮ್ಮಿಯಾಗುತ್ತದೆ. ನಾನು ಮೊದಲ ಸಲ ಬಚ್ಚಲೊಲೆಯ ತಾಮ್ರದ ಹಂಡೆಯಲ್ಲೇ ಕುದಿಸಿದೆ. ಸ್ನಾನಕ್ಕೆ ಹೋದ ಅಪ್ಪಯ್ಯ ತಂಬಿಗೆ ಎತ್ತಿ ನೋಡಿ, "ಇದೆಂತದಾ ಮಾರಾಯಾ, ಚೊಗರು?" ಅಂತ ಕೂಗಿದ್ದು ಇನ್ನೂ ನೆನಪಿದೆ. ಬೈಸಿಕೊಂಡಿದ್ದು ಬೇರೆ ವಿಷಯ. ತಾಮ್ರ ಸೀಗಡಿ, ಬಸವನಹುಳಕ್ಕೆ ವಿಷ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ.

ಮರದ ಮೇಲೆ ಬಿಳೀ ಲೋಳೆ ಬಂದಿದೆ, ಬಿಸಾಕಲಾ?

ಬೇಡ. ಹೊಸ ಮರದಿಂದ ಹೊರಬರುವ ಸಕ್ಕರೆ ಅಂಶದ ಮೇಲೆ ಬ್ಯಾಕ್ಟೀರಿಯಾ, ಬೂಸ್ಟು ಕೂತಿವೆ ಅಷ್ಟೇ. ಎರಡರಿಂದ ನಾಲ್ಕು ವಾರದಲ್ಲಿ ತಾನೇ ಹೋಗುತ್ತದೆ. ಬಸವನಹುಳ, ಸೀಗಡಿ ಇದ್ದರೆ ಇನ್ನೂ ಬೇಗ, ಅವಕ್ಕೆ ಹಬ್ಬದೂಟ.

ವಾರ ನೆನೆಸಿದ್ರೂ ಕೊರಡು ತೇಲ್ತಾನೇ ಇದೆ?

ಕೆಲವು ತಿಂಗಳುಗಟ್ಟಲೆ ತೇಲುತ್ತವೆ. ಕಾಯಬೇಡಿ. ಅಡಿಗೆ ಒಂದು ಕಲ್ಲಿನ ಚಪ್ಪಡಿ ಇಟ್ಟು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂನಿಂದ ಬಿಗಿಯಿರಿ, ಚಪ್ಪಡಿಯನ್ನು ಮರಳಲ್ಲಿ ಹೂತುಬಿಡಿ. ಮನೆ ಕಟ್ಟುವಾಗ ಉಳಿದ ಕಡಪ ಕಲ್ಲು ಸಾಕು. ಅದು ಸುಣ್ಣದ ಕಲ್ಲಿನ ಜಾತಿ, ನೀರನ್ನು ಸ್ವಲ್ಪ ಗಡಸು ಮಾಡುತ್ತದೆ. ನಮ್ಮ ಮೆದು ನೀರಿಗೆ ಅದು ಲಾಭವೇ.

## ಗಿಡ ಕೂರಿಸುವುದು

ದಾರ ಕಟ್ಟೋದು ಒಳ್ಳೇದಾ, ಗಮ್ ಹಚ್ಚೋದಾ?

ಗಿಡ ನೋಡಿ ತೀರ್ಮಾನ ಮಾಡಿ.

ಮಾಸ್‌ಗೆ ಕಪ್ಪು ಹತ್ತಿ ದಾರ. ಕೆಲವು ವಾರದಲ್ಲಿ ದಾರ ಕೊಳೆತು ಮಾಯ, ಅಷ್ಟರಲ್ಲಿ ಕ್ರಿಸ್ಮಸ್ ಮಾಸ್‌ನಂಥವು ಹಿಡಿದುಕೊಂಡಿರುತ್ತವೆ. ಜಾವಾ ಮಾಸ್ ಮಾತ್ರ ಸೋಮಾರಿ, ಗಟ್ಟಿಯಾಗಿ ಅಂಟುವುದೇ ಇಲ್ಲ. ಅದಕ್ಕೆ ಕೊಳೆಯದ ತಂಗೂಸಿ, ಅಂದರೆ ಗಾಳದ ನೈಲಾನ್ ದಾರ ಬೇಕು. ಅನುಬಿಯಾಸ್, ಜಾವಾ ಫರ್ನ್‌ಗೂ ತಂಗೂಸಿ, ಯಾಕೆಂದರೆ ಅವುಗಳ ಬೇರು ಮರ ಹಿಡಿಯಲು ತಿಂಗಳುಗಳೇ ಬೇಕು. ಬೇರು ಹಿಡಿದ ಮೇಲೆ ತಂಗೂಸಿ ಕತ್ತರಿಸಿ ತೆಗೆಯಿರಿ. ತುಂಬಾ ಬಿಗಿಯಬೇಡಿ, ಗಡ್ಡೆಗೆ (ಎಲೆ, ಬೇರು ಹೊರಡುವ ದಪ್ಪ ಕಾಂಡಕ್ಕೆ) ಗಾಯ ಆದರೆ ಅಲ್ಲಿಂದಲೇ ಕೊಳೆ ಶುರು.

ಗಮ್ ಅಂದರೆ ಫೆವಿಕ್ವಿಕ್ ಥರದ ಸಯನೋಅಕ್ರಿಲೇಟ್ ಅಂಟು, ಬೇರೆ ಯಾವುದೂ ಅಲ್ಲ. ಇದು ತೇವ ತಾಗಿದರೆ ಗಟ್ಟಿಯಾಗುತ್ತದೆ, ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಇಲ್ಲ. ಜೆಲ್ ಸಿಕ್ಕರೆ ಅದೇ ತನ್ನಿ, ತೆಳು ಅಂಟು ಹರಿದು ಎಲ್ಲೆಲ್ಲೋ ಹೋಗುತ್ತದೆ. ಕೆಲಸ ಹೀಗೆ: ಮರವನ್ನು ಹೊರಗೆ ತೆಗೆದು ಒಂದು ಚೂರು ಜಾಗ ಒರೆಸಿ. ಗಿಡದ ಬೇರನ್ನು ಟಿಶ್ಯೂ ಕಾಗದದಲ್ಲಿ ಒತ್ತಿ ನೀರು ಹೀರಿಸಿ. ಸಾಸಿವೆಯಷ್ಟು ದೊಡ್ಡ ಎರಡು ಮೂರು ಹನಿ ಇಡಿ. ಬೇರನ್ನು ಅದರ ಮೇಲಿಟ್ಟು ಕಡ್ಡಿಯಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೆರಳಿನಿಂದ ಬೇಡ, ಗಿಡದ ಬದಲು ನೀವೇ ಮರಕ್ಕೆ ಅಂಟುತ್ತೀರಿ. ಅಂಟು ಬೆಳ್ಳಗೆ ಕಾಣುತ್ತದೆ, ತಿಂಗಳಲ್ಲಿ ಪಾಚಿ ಮುಚ್ಚುತ್ತದೆ.

ಎಚ್ಚರಿಕೆ ಒಂದು. ಈ ಅಂಟು ಹತ್ತಿ ಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ. ಪಂಚೆ ಉಟ್ಟು ಜಗಲಿಯಲ್ಲಿ ಕೂತು ಅಂಟಿಸುವಾಗ ನನ್ನ ತೊಡೆ ಮೇಲೆ ಬೊಬ್ಬೆ ಎದ್ದಿತ್ತು.

ಬೇರು ಮರಳಲ್ಲಿ ಹೂತರೆ ಇನ್ನೂ ಚೆನ್ನಾಗಿ ಬೆಳೆಯಲ್ವಾ?

ಬೇರು ಹೂತರೆ ಪರವಾಗಿಲ್ಲ. ಗಡ್ಡೆ ಹೂತರೆ ಸತ್ತಿತು. ಶುಂಠಿಯ ಹಾಗೆ ಅಡ್ಡಕ್ಕೆ ಬೆಳೆಯುವ ದಪ್ಪ ಹಸಿರು ಕಾಂಡ ಕಾಣುತ್ತದಲ್ಲ, ಅದು ಗಡ್ಡೆ, ರೈಜೋಮ್. ಎಲೆ ಮೇಲಕ್ಕೆ, ಬೇರು ಕೆಳಕ್ಕೆ ಅದರಿಂದಲೇ ಹೊರಡುತ್ತವೆ. ಶುಂಠಿ ಬೆಳೆದವರು ಅಭ್ಯಾಸಬಲದಿಂದ ಮಣ್ಣು ಏರಿಸಿಬಿಡುತ್ತಾರೆ. ಇಲ್ಲಿ ಉಲ್ಟಾ, ಗಡ್ಡೆಯ ಸುತ್ತ ನೀರು ಓಡಾಡಬೇಕು. ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲಿ ತಂದಿದ್ದರೆ ಕುಂಡ ಕತ್ತರಿಸಿ, ಒಳಗಿನ ನಾರುಂಡೆ ಪೂರ್ತಿ ಬಿಡಿಸಿ, ಉದ್ದ ಬೇರನ್ನು ಎರಡು ಬೆರಳಿನಷ್ಟು ಉಳಿಸಿ ಕತ್ತರಿಸಿ.

ಮಾಸ್ ಎಷ್ಟು ದಪ್ಪಕ್ಕೆ ಕಟ್ಟಬೇಕು?

ಕೊರಡು ಕಾಣುವಷ್ಟು ತೆಳ್ಳಗೆ. ದೋಸೆ ಅಲ್ಲ, ನೀರುದೋಸೆ. ದಪ್ಪ ಕಟ್ಟಿದರೆ ಅಡಿಯದಕ್ಕೆ ಬೆಳಕಿಲ್ಲದೆ ಕೊಳೆತು ಇಡೀ ಹಾಸು ಎದ್ದು ತೇಲುತ್ತದೆ. ಮಾಸ್‌ಅನ್ನು ಮೊದಲು ಕತ್ತರಿಯಿಂದ ಸಣ್ಣಗೆ ಕೊಚ್ಚಿ ಹರಡಿ ಕಟ್ಟಿದರೆ ಪ್ರತಿ ತುಂಡೂ ಚಿಗುರುತ್ತದೆ.

ತಂದ ಎರಡೇ ವಾರಕ್ಕೆ ಎಲೆಯೆಲ್ಲ ಕರಗಿ ಹೋಯ್ತು. ಅಂಗಡಿಯವರು ಮೋಸ ಮಾಡಿದ್ರಾ?

ಮೋಸ ಇರಲಿಕ್ಕಿಲ್ಲ. ನರ್ಸರಿಗಳು ಈ ಗಿಡಗಳನ್ನು ಸಾಮಾನ್ಯವಾಗಿ ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆಸುತ್ತವೆ. ನೀರಿಗೆ ಬಿದ್ದಾಗ ಹಳೇ ಎಲೆ ಬಿಟ್ಟು ನೀರಿಗೆ ತಕ್ಕ ಹೊಸ ಎಲೆ ಹಾಕುತ್ತವೆ. ಬ್ಯೂಸೆಫಲಾಂಡ್ರಾ ಇದರಲ್ಲಿ ದೊಡ್ಡ ನಾಟಕಗಾರ. ಗಡ್ಡೆ ಒತ್ತಿ ನೋಡಿ. ಗಟ್ಟಿ ಇದ್ದರೆ ಕರಗಿದ ಎಲೆ ತೆಗೆದು ಎರಡು ತಿಂಗಳು ಸುಮ್ನೆ ಬಿಡಿ.

## ದಿನನಿತ್ಯದ ಆರೈಕೆ

ನಮ್ಮ ಬಾವಿ ನೀರು ಆಗುತ್ತಾ? ಮಳೆನೀರು ಇನ್ನೂ ಒಳ್ಳೇದಲ್ವಾ?

ಜಂಬಿಟ್ಟಿಗೆ ನೆಲದ ಬಾವಿ ನೀರು ಸಾಮಾನ್ಯವಾಗಿ ಮೆದು, ತುಸು ಹುಳಿ. ಜಾವಾ ಫರ್ನ್, ಮಾಸ್‌ಗಳಿಗೆ ಬಯಲುಸೀಮೆಯ ಬೋರ್ ನೀರಿಗಿಂತ ಇದು ಎಷ್ಟೋ ವಾಸಿ. ಕಷ್ಟ ಬೇರೆ ಕಡೆ ಇದೆ. ಮೆದು ನೀರಿನಲ್ಲಿ ಹುಳಿಯನ್ನು ತಡೆಯುವ ಕಾರ್ಬೊನೇಟ್ ಕಮ್ಮಿ. ಮೀನಿನ ಗಲೀಜು, ಕೊರಡಿನ ಟ್ಯಾನಿನ್ ಸೇರಿ ಪಿಎಚ್ ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ. ಒಂದು ಹಿಡಿ ಸಮುದ್ರದ ಚಿಪ್ಪು ಪುಡಿಮಾಡಿ, ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟರೆ ನಿಧಾನ ಕರಗಿ ತಡೆಯುತ್ತದೆ. ಬರೀ ಮಳೆನೀರು ಹಾಕಿದರೆ ಈ ಕಷ್ಟ ಎರಡು ಪಟ್ಟು. ಅರ್ಧಕ್ಕರ್ಧ ಬೆರೆಸಿ.

ಬೋರ್ ನೀರಿನಲ್ಲಿ ಕಬ್ಬಿಣ ಇದ್ದರೆ ಬಕೆಟ್ಟಿನಿಂದ ಬಕೆಟ್ಟಿಗೆ ನಾಲ್ಕು ಸಲ ಎತ್ತಿ ಸುರಿದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕೂತಿರುತ್ತದೆ, ಮೇಲಿನ ತಿಳಿ ತಗೊಳ್ಳಿ. ಶಿವಮೊಗ್ಗ ನಗರದಲ್ಲಿ ಬರುವ ತುಂಗಾ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಆಂಟಿ ಕ್ಲೋರಿನ್ ಹನಿ ಮರೆಯಬೇಡಿ.

ಒಂದು ಚಿಟಿಕೆ ಯೂರಿಯಾ ಹಾಕಿದ್ರೆ ಜೋರು ಬೆಳೆಯಲ್ವಾ?

ಅಯ್ಯೋ, ಬೇಡ. ಯೂರಿಯಾ ನೀರಿನಲ್ಲಿ ಅಮೋನಿಯಾ ಆಗುತ್ತದೆ, ಬೆಳಿಗ್ಗೆ ಏಳುವಷ್ಟರಲ್ಲಿ ಮೀನು ತೇಲುತ್ತಿರುತ್ತವೆ. 19:19:19 ಗೊಬ್ಬರದ್ದೂ ಅದೇ ಕಥೆ. ಬುಡಕ್ಕೆ ಹೂಳುವ ಗೊಬ್ಬರದ ಮಾತ್ರೆಯೂ ಇಲ್ಲಿ ದಂಡ, ಕೊರಡಿನ ಗಿಡಕ್ಕೆ ಬುಡದಲ್ಲಿ ಮಣ್ಣೇ ಇಲ್ಲ.

ಸಾರಜನಕ, ರಂಜಕ ಮೀನಿನ ಗಲೀಜಿನಿಂದಲೇ ಬರುತ್ತವೆ. ಕೊರತೆ ಬೀಳುವುದು ಹೆಚ್ಚಾಗಿ ಪೊಟ್ಯಾಷ್. ಜಾವಾ ಫರ್ನ್‌ನ ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಮೊದಲು ಅದರ ಮೇಲೆ ಅನುಮಾನ ಪಡಿ. ಅಕ್ವೇರಿಯಂ ಗಿಡಕ್ಕೆಂದೇ ಬರುವ ದ್ರವ ಗೊಬ್ಬರ ಸುಲಭ. ಡ್ರಿಪ್ಪಿಗೆ ಬಿಡುವ 0:0:50 ಮನೆಯಲ್ಲಿದ್ದರೆ ಅದು ಪೊಟ್ಯಾಸಿಯಂ ಸಲ್ಫೇಟ್. 50 ಲೀಟರ್ ನೀರಿಗೆ ಅರ್ಧ ಗ್ರಾಂ ಹಾಕಿದರೆ ಲೀಟರಿಗೆ 4 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಆಗುತ್ತದೆ. ವಾರಕ್ಕೊಮ್ಮೆ, ನೀರು ಬದಲಿಸಿದ ಮೇಲೆ. ಬಂಗಾರ ತೂಗುವ ಥರದ ಚಿಕ್ಕ ತಕ್ಕಡಿಯಲ್ಲಿ ತೂಗಿ, ಕಣ್ಣಂದಾಜು ಬೇಡ.

ಜಾವಾ ಫರ್ನ್ ಎಲೆ ಹಿಂದೆ ಕಪ್ಪು ಚುಕ್ಕೆ. ರೋಗವಾ?

ಎಲೆ ತಿರುಗಿಸಿ ನೋಡಿ. ಸಾಲಾಗಿ, ಉಬ್ಬಿದ ಕಂದು ಚುಕ್ಕೆ ಇದ್ದರೆ ಅದು ಬೀಜಕಣಗಳ ಗೂಡು. ಬಾವಿಕಟ್ಟೆಯ ಜರಿಗಿಡದಲ್ಲೂ ಇದೇ ಇರುತ್ತದೆ. ಚುಕ್ಕೆಯ ಜಾಗದಿಂದಲೋ ಎಲೆಯ ತುದಿಯಿಂದಲೋ ಕೂದಲಿನಂಥ ಬೇರಿನ ಜೊತೆ ಪುಟ್ಟ ಮರಿ ಹೊರಟಿದ್ದರೆ ಇನ್ನೂ ಒಳ್ಳೆಯದು. ಎಲೆಯೇ ಮೆತ್ತಗಾಗಿ, ಗಾಜಿನ ಹಾಗೆ ಪಾರದರ್ಶಕವಾಗುತ್ತಿದ್ದರೆ ಮಾತ್ರ ಕತ್ತರಿಸಿ.

ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರಲ್ಲ. ಗಿಡ ಉಳಿಯುತ್ತಾ?

ಗಿಡಕ್ಕೆ ಮೂರು ನಾಲ್ಕು ದಿನ ಕತ್ತಲೆ ಲೆಕ್ಕಕ್ಕೇ ಇಲ್ಲ. ಯೋಚನೆ ಮೀನಿನದ್ದು. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ, ಆ ಎರಡು ದಿನ ಊಟ ಹಾಕಬೇಡಿ. ಕರೆಂಟ್ ಬಂದ ಮೇಲೆ ಮುಚ್ಚಿದ ಫಿಲ್ಟರನ್ನು ಹಾಗೇ ಆನ್ ಮಾಡಬಾರದು. ಒಳಗಿನ ನೀರು ಕೆಟ್ಟಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನ ನೀರಿನಲ್ಲೇ ಅದ್ದಿ ತೊಳೆದು ಹಾಕಿ.

ಏಪ್ರಿಲ್, ಮೇನಲ್ಲಿ ಮಾಸ್ ಕಂದಾಗುತ್ತೆ, ಏನ್ಮಾಡ್ಲಿ?

ಶಿವಮೊಗ್ಗ, ಭದ್ರಾವತಿ ಕಡೆಯವರದ್ದೇ ಈ ಪ್ರಶ್ನೆ, ಆಗುಂಬೆಯವರು ಯಾರೂ ಕೇಳಿಲ್ಲ. ನೀರು 28 ಡಿಗ್ರಿ ದಾಟಿದರೆ ಮಾಸ್‌ಗಳೂ ಜಾವಾ ಫರ್ನ್ ಕೂಡ ಸೊರಗುತ್ತವೆ. ಅನುಬಿಯಾಸ್ ತಡೆದುಕೊಳ್ಳುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು ಚಿಕ್ಕ ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲೆ ಹಾಯುವ ಹಾಗೆ ಇಡಿ, ಎರಡು ಮೂರು ಡಿಗ್ರಿ ಇಳಿಯುತ್ತದೆ. ನೀರು ಆವಿಯಾಗುತ್ತದೆ, ದಿನಾ ತುಂಬಿಸಿ. ಲೈಟನ್ನು ಬೆಳಗಿನ ಹೊತ್ತಿಗೆ ಬದಲಿಸಿ.

ಅನುಬಿಯಾಸ್ ಎಲೆ ಅಂಚಿಗೆ ಕಪ್ಪು ಗಡ್ಡ ಬೆಳೆದಿದೆ. ಉಜ್ಜಿದ್ರೂ ಹೋಗಲ್ಲ?

ಇದು ಬ್ಲ್ಯಾಕ್ ಬಿಯರ್ಡ್ ಅನ್ನುವ ಪಾಚಿ. ಕಪ್ಪಾಗಿ ಕಂಡರೂ ಜಾತಿಯಲ್ಲಿ ಕೆಂಪು ಪಾಚಿ. ನಿಧಾನ ಬೆಳೆಯುವ ಎಲೆ ಅಂದರೆ ಅದಕ್ಕೆ ಪ್ರಾಣ, ವರ್ಷಗಟ್ಟಲೆ ಕದಲದ ಜಾಗ ಸಿಕ್ಕಿತಲ್ಲ!

ಕೊರಡನ್ನು ಹೊರಗೆ ತೆಗೆಯಿರಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. 6 ಶೇಕಡಾದ್ದಾದರೆ ಅಷ್ಟೇ ನೀರು ಬೆರೆಸಿ 3 ಮಾಡಿಕೊಳ್ಳಿ. ಹಳೇ ಬ್ರಷ್‌ನಿಂದ ಗಡ್ಡದ ಮೇಲೆ ಮಾತ್ರ ಹಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು ತೊಳೆದು ವಾಪಸ್ ಇಡಿ. ಎರಡು ಮೂರು ದಿನದಲ್ಲಿ ಗಡ್ಡ ಕುಂಕುಮದ ನೀರಿನ ಬಣ್ಣಕ್ಕೆ ತಿರುಗಿದರೆ ಸತ್ತಿತು ಅಂತ ಅರ್ಥ, ಸೀಗಡಿ ತಿಂದು ಮುಗಿಸುತ್ತವೆ. ಮಾಸ್‌ಗೆ ಇದು ತಾಗಬಾರದು, ಅದೂ ಸುಡುತ್ತದೆ. ಆಮೇಲೆ ಕಾರಣ ಹುಡುಕಿ: ಜಾಸ್ತಿ ಲೈಟ್, ಜಾಸ್ತಿ ಊಟ, ವಾರಗಟ್ಟಲೆ ಬದಲಿಸದ ನೀರು. ಅದು ಸರಿಯಾಗದಿದ್ದರೆ ತಿಂಗಳಿಗೆ ಗಡ್ಡ ವಾಪಸ್.

ಇದರ ಜೊತೆ ಯಾವ ಮೀನು ಬಿಡಲಿ?

ಗಪ್ಪಿ, ಟೆಟ್ರಾ, ಬೆಟ್ಟಾ ಯಾವುದೂ ಆಗುತ್ತದೆ. ಚೆರ್ರಿ ಸೀಗಡಿ ಇದ್ದರೆ ಮಾಸ್ ಬಾಚಣಿಗೆಯಿಂದ ಬಾಚಿದ ಹಾಗೆ ಚೊಕ್ಕ. ಗೋಲ್ಡ್‌ಫಿಶ್ ಮಾಸ್ ಕಿತ್ತು ತಿನ್ನುತ್ತದೆ, ಅನುಬಿಯಾಸ್ ಬಿಡುತ್ತದೆ. ಕೆಸುವಿನ ತುರಿಕೆ ಗೊತ್ತಲ್ಲ, ಆ ಹರಳುಗಳು ಅನುಬಿಯಾಸ್‌ನಲ್ಲೂ ಇವೆ. ಹುಣಸೆಹುಳಿ ಹಾಕದೆ ಪತ್ರೊಡೆ ತಿಂದವರಿಗೆ ಮೀನಿನ ಕಷ್ಟ ಅರ್ಥವಾಗುತ್ತದೆ.

## ಸ್ವಲ್ಪ ಪಳಗಿದವರಿಗೆ

ಅನುಬಿಯಾಸ್ ಗಡ್ಡೆ ಮೆತ್ತಗಾಗಿ ವಾಸನೆ ಬರ್ತಿದೆ. ಉಳಿಸ್ಕೋಬಹುದಾ?

ಶುಂಠಿಯ ಗಡ್ಡೆ ಕೊಳೆ ನೋಡಿದವರಿಗೆ ಈ ವಾಸನೆ ಪರಿಚಿತ. ಎಲೆ ಹಸಿರಾಗಿದ್ದಾಗಲೇ ಬುಡದಿಂದ ಕಳಚಿ ಬರುತ್ತದೆ. ತಡಮಾಡಬೇಡಿ. ಗಿಡ ಹೊರಗೆ ತೆಗೆದು, ಹೊಸ ಬ್ಲೇಡಿನಿಂದ ಕೊಳೆತ ಭಾಗ ಕತ್ತರಿಸುತ್ತಾ ಹೋಗಿ. ಕೊಯ್ದ ಮುಖ ಗಟ್ಟಿಯಾಗಿ, ತಿಳಿ ಹಸಿರಾಗಿ ಕಾಣುವವರೆಗೆ. ಆಮೇಲೂ ಒಂದು ಬೆರಳಗಲ ಒಳ್ಳೆಯದನ್ನೇ ಕೊಯ್ದುಬಿಡಿ. ಉಳಿದದ್ದನ್ನು ಬೇರೆ ಪಾತ್ರೆಯಲ್ಲಿ ಎರಡು ವಾರ ಇಟ್ಟು ನೋಡಿ. ಮತ್ತೆ ಮೆತ್ತಗಾದರೆ ಬಿಸಾಕಿ. ಇದಕ್ಕೆ ಖಾತ್ರಿ ಮದ್ದು ಇಲ್ಲ, ಪಕ್ಕದ ಗಿಡಗಳಿಗೂ ಹಬ್ಬಬಹುದು.

ಒಂದು ಗಿಡದಿಂದ ನಾಲ್ಕು ಮಾಡೋದು ಹೇಗೆ?

ಗಡ್ಡೆಯನ್ನು ತುಂಡಿಗೆ ಮೂರು ನಾಲ್ಕು ಎಲೆ ಉಳಿಯುವ ಹಾಗೆ ಕೊಯ್ಯಿರಿ. ಗೆಳೆಯರು ಕೇಳಿದರು ಅಂತ ಆರು ತಿಂಗಳ ಗಿಡ ಕೊಯ್ಯಬೇಡಿ. ಇನ್ನೊಂದು ಉಪಾಯ: ಗಡ್ಡೆಯನ್ನು ಕೊರಡಿನ ಮೇಲೆ ಇದ್ದಲ್ಲೇ ಕೊಯ್ದು, ತುಂಡುಗಳನ್ನು ಕದಲಿಸದೆ ಬಿಡಿ. ಎರಡೂ ಕಡೆ ಹೊಸ ಚಿಗುರು ಬಂದ ಮೇಲೆ ಬಿಡಿಸಿ. ನಾನು ಈಗ ಹೀಗೇ ಮಾಡುವುದು.

ನಮ್ಮ ಮಳೆಗಾಲದ ತೇವ ನೋಡಿದ್ರೆ ಇವನ್ನ ನೀರಿನ ಹೊರಗೇ ಬೆಳೆಸಬಹುದಲ್ವಾ?

ಇದು ಮಲೆನಾಡಿನವರಿಗೆ ಸಿಕ್ಕ ವರ, ಬಳಸಿಕೊಳ್ಳುವವರು ಕಮ್ಮಿ. ಬೆಂಗಳೂರಿನವರು ಡಬ್ಬಿ ಮುಚ್ಚಿ, ದಿನಾ ಸಿಂಪಡಿಸಿ ಏನೆಲ್ಲ ಮಾಡುವ ಕೆಲಸ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತನ್ನಷ್ಟಕ್ಕೆ ಆಗುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ಒಂದು ಬೆರಳು ನೀರು, ಅದರಲ್ಲಿ ಕೊರಡು. ಕೊಚ್ಚಿದ ಮಾಸ್‌ಅನ್ನು ಚಮಚದಿಂದ ತೆಳ್ಳಗೆ ಸವರಿ. ಅನುಬಿಯಾಸ್, ಬ್ಯೂಸ್ (ಬ್ಯೂಸೆಫಲಾಂಡ್ರಾ) ತುಂಡುಗಳನ್ನು ಅಂಟಿಸಿ. ಮುಚ್ಚಳ ಅರೆಬರೆ ಮುಚ್ಚಿ, ಬಿಸಿಲು ನೇರ ಬೀಳದ ಜಗಲಿಯಲ್ಲಿಡಿ. ವಾರಕ್ಕೆ ಎರಡು ಸಲ ಮುಚ್ಚಳ ತೆಗೆದು ಗಾಳಿಯಾಡಿಸದಿದ್ದರೆ ಬೂಸ್ಟು ಬರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಸುಲಭವಾಗಿ ಸಿಗುವುದರಿಂದ ಬೆಳವಣಿಗೆ ಚುರುಕು, ಪಾಚಿಯ ಕಾಟವೂ ಕಮ್ಮಿ.

ಹೋದ ವರ್ಷ ಆರಿದ್ರೆ ಮಳೆಗೆ ಸವರಿದ ಕ್ರಿಸ್ಮಸ್ ಮಾಸ್ ಗೌರಿ ಹಬ್ಬದ ಹೊತ್ತಿಗೆ ಕೊರಡನ್ನು ಪೂರ್ತಿ ಹೊದ್ದಿತ್ತು. ನೀರಿಗೆ ಇಳಿಸಿದಾಗ ಒಂದಿಷ್ಟು ಕಂದಾಯಿತು, ಆಮೇಲೆ ಚೇತರಿಸಿಕೊಂಡಿತು.

ಜೂನ್ ಬಂದ್ರೆ ಸಾಕು ಸೀಗಡಿ ಸಾಯ್ತವೆ, ಮಾಸ್ ಬಿಳಿಚಿಕೊಳ್ಳುತ್ತೆ. ಯಾಕೆ?

ಅಡಿಕೆ ತೋಟ ಇರುವ ಮನೆಯವರೇ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಒಂದೇ: ಔಷಧಿ ಹೊಡೆದಿರಾ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತ ತಾಮ್ರದ್ದೇ ಉಪ್ಪು. ಔಷಧಿ ಕಲಸಿದ ಬಕೆಟ್ಟು, ಅಳೆದ ಮಗ್ಗು, ತೊಳೆಯದ ಕೈ, ಮಾಡಿನಿಂದ ಇಳಿದ ಮಳೆನೀರು, ಇಷ್ಟರಲ್ಲಿ ಯಾವುದೋ ಒಂದು ಟ್ಯಾಂಕಿಗೆ ತಾಗಿರುತ್ತದೆ. ಟ್ಯಾಂಕಿಗೆಂದೇ ಒಂದು ಬಕೆಟ್ಟು ಇಟ್ಟು ಅದರ ಮೇಲೆ ಬಣ್ಣದಲ್ಲಿ ಬರೆಯಿರಿ. ಔಷಧಿ ದಿನಗಳಲ್ಲಿ ನೀರು ಬದಲಿಸುವುದು ಬೇಡ. ಕೆಲವು ಮೀನಿನ ಔಷಧಿಯಲ್ಲೂ ತಾಮ್ರ ಇರುತ್ತದೆ, ಸೀಸೆಯ ಮೇಲೆ ಓದಿ.

ಸಿಒಟು ಸಿಲಿಂಡರ್ ಹಾಕಿದ್ರೆ ಬೇಗ ಬೆಳೆಯುತ್ತಾ?

ಬೆಳೆಯುತ್ತದೆ. ಬ್ಯೂಸ್, ಫಿಸಿಡೆನ್ಸ್‌ನಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ನಮ್ಮ ಕಾರ್ಬೊನೇಟ್ ಇಲ್ಲದ ನೀರಿನಲ್ಲಿ ಪಿಎಚ್ ಸರ್ರನೆ ಇಳಿಯುತ್ತದೆ, ಲೆಕ್ಕ ತಪ್ಪಿದರೆ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಆ ದುಡ್ಡಿಗೆ ಒಳ್ಳೆಯ ಫಿಲ್ಟರ್ ತಗೊಳ್ಳಿ ಅನ್ನುವವನು ನಾನು. ಎಲೆಗಳ ಮೇಲೆ ನೀರು ಮೆಲ್ಲಗೆ ಹರಿಯುತ್ತಿದ್ದರೆ ಅರ್ಧ ಕೆಲಸ ಆಯಿತು, ಧೂಳು ಕೂರುವುದಿಲ್ಲ.

ಹೊಳೆ ಬಂಡೆ ಮೇಲೆ ಅಂಟಿಕೊಂಡಿರೋ ಗಿಡಗಳನ್ನೇ ತಂದು ಬೆಳೆಸಬಹುದಲ್ಲ?

ತುಂಗೆ, ಶರಾವತಿಯ ಸೆಳವಿನ ಬಂಡೆಗಳ ಮೇಲೆ ಪೋಡೋಸ್ಟೆಮೇಸಿ ಅನ್ನುವ ಕುಟುಂಬದ ಗಿಡಗಳಿವೆ. ದೂರದಿಂದ ಪಾಚಿಯ ಹೆಪ್ಪಿನ ಹಾಗೇ ಕಾಣುತ್ತವೆ, ಆದರೆ ಹೂ ಬಿಡುವ ಗಿಡಗಳು. ಮಳೆಗಾಲವಿಡೀ ಭೋರ್ಗರೆವ ನೀರಿನಡಿ ಬೆಳೆದು, ನೀರು ಇಳಿದು ಬಂಡೆ ತೆರೆದುಕೊಂಡಾಗ ಹೂಬಿಟ್ಟು ಬೀಜವಾಗುತ್ತವೆ. ಆ ಸೆಳವು, ಆ ಏರಿಳಿತ ಟ್ಯಾಂಕಿನಲ್ಲಿ ಕೊಡಲು ಆಗುವುದಿಲ್ಲ. ಕೆರೆದು ತಂದರೆ ಕೊಳೆಯುತ್ತವೆ ಅಷ್ಟೇ. ಡಿಸೆಂಬರ್ ಹೊತ್ತಿಗೆ ಬಂಡೆಯ ಬಳಿ ಮಂಡಿಯೂರಿ ಕೂತು ನೋಡಿ, ಬಿಟ್ಟು ಬನ್ನಿ.

ಇದರ ಇನ್ನೊಂದು ಮಗ್ಗುಲೂ ಇದೆ. ಕತ್ತರಿಸಿದ ಜಾವಾ ಮಾಸ್, ಹೆಚ್ಚಾದ ಗಪ್ಪಿಗಳನ್ನು ಹಳ್ಳಕ್ಕೆ, ಕೆರೆಗೆ ಬಿಡಬೇಡಿ. ನಮ್ಮೂರ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೇಲ್ಗಡೆಯೇ ಒಬ್ಬರು "ಪಾಪ ಬದುಕಲಿ" ಅಂತ ಬಕೆಟ್ಟು ಸುರಿಯುತ್ತಿದ್ದರು. ಗಿಡ ಒಣಗಿಸಿ ಗೊಬ್ಬರ ಗುಂಡಿಗೆ ಹಾಕಿ, ಮೀನನ್ನು ಸಾಕುವವರಿಗೆ ಕೊಡಿ.

ಐದು ವರ್ಷದ ಕೊರಡು ಮೆತ್ತಗಾಗಿದೆ. ಗಿಡ ಸಮೇತ ಬಿಸಾಕ್ಬೇಕಾ?

ಕೊರಡು ಕಾಲಕ್ರಮದಲ್ಲಿ ಮೆತ್ತಗಾಗುವುದೇ. ಮೇಲ್ಪದರ ಮಾತ್ರ ಮೆದುವಾಗಿದ್ದರೆ ಬ್ರಷ್‌ನಿಂದ ಉಜ್ಜಿ ಮತ್ತೆ ಇಡಿ. ಎತ್ತಿದಾಗ ಮುರಿದರೆ, ಮೂಗಿಗೆ ಹಿಡಿದಾಗ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದರ ಕೆಲಸ ಮುಗಿಯಿತು. ಅಷ್ಟು ಹಳೆಯ ಅನುಬಿಯಾಸ್ ಬೇರನ್ನು ಬಿಡಿಸಲು ಹೋಗಬೇಡಿ, ಕಿತ್ತು ಬರುತ್ತದೆ. ಬೇರು ಹಿಡಿದ ಹೋಳನ್ನು ಚಿಕ್ಕ ಗರಗಸದಿಂದ ಮರ ಸಮೇತ ಕೊಯ್ದು, ಆ ಹೋಳನ್ನೇ ಹೊಸ ಕೊರಡಿಗೆ ಕಟ್ಟಿ. ಒಂದು ವರ್ಷದಲ್ಲಿ ಹೊಸ ಬೇರು ಹಳೇ ಹೋಳನ್ನು ದಾಟಿ ಕೆಳಗಿನ ಮರಕ್ಕೆ ಇಳಿದಿರುತ್ತದೆ. ನಮ್ಮ ಟ್ಯಾಂಕಿನದ್ದು ಹೀಗೆ ಎರಡನೇ ಕೊರಡಿಗೆ ಬಂದಿದೆ, ಮೂರನೆಯದಕ್ಕೆಂದು ಒಂದು ಕಾಫಿ ಬೊಡ್ಡೆ ಕೊಟ್ಟಿಗೆಯ ಹಿಂದೆ ಮಳೆಯಲ್ಲಿ ನೆನೆಯುತ್ತಿದೆ.